ಆಗುಳಿಕೆಯ ಡ್ರಾಯರು

ನಗರ ಕಾಮಗಾರಿ ಕಚೇರಿಯ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕರೆಯುವವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು, ಒಂದೇ ಅರ್ಜಿಗೆ ಎರಡು ಮೊಹರು ಯಾಕೆ, ಕಡತ ಕಟ್ಟುವ ದಾರ ಕೆಂಪೇ ಯಾಕೆ, ಹಿಂದಿನ ಬಾಗಿಲಿಗೆ ಹಗಲು ಹೊತ್ತೂ ಬೀಗ ಯಾಕೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದಳು. ರವಾನೆ ಗುಮಾಸ್ತರು ಅವಳಿಗೆ ‘ಯಾಕಮ್ಮ’ ಎಂದು ಹೆಸರಿಟ್ಟರು. ಹನ್ನೊಂದು ವರ್ಷ ಕಳೆದರೂ ಆ ಹೆಸರು ಹೋಗಲಿಲ್ಲ, ಕೇಳುವ ಚಟವೂ ಬಿಡಲಿಲ್ಲ.

ಯಾಕಮ್ಮನ ಕೆಲಸ ನೆಲಮಾಳಿಗೆಯ ನಕ್ಷೆ ಕೋಣೆಯಲ್ಲಿ. ಅಲ್ಲಿ ಎಂಟು ಉಕ್ಕಿನ ಬೀರುಗಳು. ಒಂದೊಂದರಲ್ಲೂ ಮಂಚದಷ್ಟು ಅಗಲದ, ನಾಲ್ಕು ಬೆರಳು ಎತ್ತರದ ಹತ್ತು ಹತ್ತು ಡ್ರಾಯರುಗಳು. ಊರಿನ ಅರವತ್ತು ವರ್ಷದ ಚರಂಡಿ, ಸೇತುವೆ, ಶಾಲೆ, ನೀರಿನ ಟ್ಯಾಂಕು ಎಲ್ಲವೂ ಅಲ್ಲಿ ಕಾಗದವಾಗಿ ಮಲಗಿದ್ದವು. ಚಾವಣಿಯ ಅಂಚಿಗೆ ಒಂದೇ ಒಂದು ಉದ್ದನೆಯ ಕಿಟಕಿ. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಯಾರ ಚಪ್ಪಲಿಯ ಯಾವ ಮಗ್ಗುಲು ಸವೆದಿದೆ ಎಂಬುದು ಅವಳಿಗೆ ಗೊತ್ತಿತ್ತು, ಅವರ ಮುಖ ಗೊತ್ತಿರಲಿಲ್ಲ.

ಆ ವರ್ಷ ಕಚೇರಿ ಹೊಸ ಕಟ್ಟಡಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಹೊಸ ಕಟ್ಟಡದಲ್ಲಿ ನೆಲಮಾಳಿಗೆ ಇರಲಿಲ್ಲ, ಎಂಟು ಬೀರು ಹಿಡಿಸುವ ಜಾಗವೂ ಇರಲಿಲ್ಲ. ಹಾಗಾಗಿ ಪ್ರತಿ ನಕ್ಷೆಯ ಹೆಸರನ್ನೂ ಗಣಕದ ಪಟ್ಟಿಗೆ ಏರಿಸಿ, ಅದರ ಮುಂದೆ ‘ಸ್ಥಿತಿ’ ಎಂಬ ಅಂಕಣವನ್ನು ತುಂಬಬೇಕೆಂದು ಆದೇಶವಾಯಿತು. ಆ ಅಂಕಣದಲ್ಲಿ ಆರಿಸಿಕೊಳ್ಳಲು ಮೂರೇ ಮಾತು: ಆಗಿದೆ, ಆಗುತ್ತಿದೆ, ರದ್ದು. ಮೊದಲೆರಡರ ನಕ್ಷೆಗಳು ಗಣಕಕ್ಕೂ ಹೊಸ ಕಟ್ಟಡಕ್ಕೂ ಹೋಗುತ್ತವೆ. ರದ್ದಾದವು ಹೋಗುವುದು ಕಾಗದದ ಕಾರ್ಖಾನೆಗೆ. ಲಾರಿ ಬರುವ ದಿನವೂ ಗೊತ್ತಾಗಿತ್ತು, ಆರು ವಾರದ ನಂತರದ ಶನಿವಾರ.

ಯಾಕಮ್ಮ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದಳು. ದಿನಕ್ಕೆ ನಲವತ್ತು ನಕ್ಷೆಯಂತೆ ಮೂರು ವಾರ ಸಲೀಸಾಗಿ ಸಾಗಿತು. ನಾಲ್ಕನೆಯ ವಾರ ಏಳನೇ ಬೀರುವಿನ ಕಟ್ಟಕಡೆಯ ಡ್ರಾಯರಿಗೆ ಬಂದಳು. ಉಳಿದ ಡ್ರಾಯರುಗಳ ಮುಖದ ಮೇಲೆಲ್ಲ ಹಿತ್ತಾಳೆ ಚೌಕಟ್ಟಿನೊಳಗೆ ಸಂಖ್ಯೆ ಬರೆದ ಚೀಟಿಗಳಿದ್ದವು. ಇದರಲ್ಲಿ ಸಂಖ್ಯೆ ಇರಲಿಲ್ಲ. ಕಪ್ಪು ಶಾಯಿಯಲ್ಲಿ, ಅಚ್ಚು ಹಾಕಿದಷ್ಟು ಗುಂಡಗೆ, ಒಂದೇ ಒಂದು ಪದ: ಆಗುಳಿಕೆ.

ಅವಳು ಎರಡು ಸಲ ಓದಿದಳು, ಮೂರನೆಯ ಸಲ ಬಾಯಿ ಬಿಟ್ಟು ಓದಿದಳು. ಹನ್ನೊಂದು ವರ್ಷದಲ್ಲಿ ಆ ಡ್ರಾಯರಿನಿಂದ ಯಾರೂ ಏನೂ ಕೇಳಿರಲಿಲ್ಲವಾದ್ದರಿಂದ ಅವಳು ಅದನ್ನು ತೆರೆದದ್ದೂ ಇರಲಿಲ್ಲ. ಒಳಗೆ ಇಪ್ಪತ್ಮೂರು ನಕ್ಷೆಗಳು. ರೈಲು ಹಳಿಯ ಮೇಲೊಂದು ಕಾಲುಸೇತುವೆ, ದುಂಡು ಕಿಟಕಿಯ ಓದುವ ಮನೆ, ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಸಂತೆ ಮಾಳಕ್ಕೊಂದು ಸೂರು. ರದ್ದಾದ ನಕ್ಷೆಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವುಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಇರುತ್ತದೆ, ಗೆರೆಯ ಪಕ್ಕ ಯಾರದೋ ಸಿಡುಕಿನ ಸಹಿ ಇರುತ್ತದೆ. ಇವುಗಳ ಮೇಲೆ ಕೆಂಪು ಗೆರೆ ಇರಲಿಲ್ಲ. ಬದಲಿಗೆ ಐದು ಸಹಿ, ಮೂರು ಮೊಹರು, ‘ಕೆಲಸ ಆರಂಭಿಸಬಹುದು’ ಎಂಬ ಒಕ್ಕಣೆ ಎಲ್ಲ ಇದ್ದವು. ಆದರೆ ಅವುಗಳಲ್ಲಿ ಒಂದೂ ಊರಿನಲ್ಲಿ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ರೈಲು ಹಳಿಯನ್ನು ಜನ ಇವತ್ತಿಗೂ ಆಚೀಚೆ ನೋಡಿಕೊಂಡು ಓಡಿಯೇ ದಾಟುತ್ತಿದ್ದರು.

ಮಹಡಿ ಹತ್ತಿ ಎಂಜಿನಿಯರ್ ಸಾಹೇಬರನ್ನು ಕೇಳಿದಳು. ಅವರು ಕಡತದಿಂದ ತಲೆ ಎತ್ತದೆ, ಅಂಥ ಪದವೇ ಇಲ್ಲ, ಯಾರೋ ಕೆಲಸವಿಲ್ಲದವರು ಬರೆದಿರಬೇಕು, ರದ್ದು ಎಂದು ಹಾಕಿ ಮುಗಿಸಿ ಎಂದರು. ರವಾನೆ ಗುಮಾಸ್ತರು ತಲೆ ಕೆರೆದುಕೊಂಡು, ಉಳಿಕೆ ಅಂದರೆ ಮಿಕ್ಕಿದ್ದು, ಆದದ್ದರಲ್ಲಿ ಮಿಕ್ಕಿದ್ದು ಇರಬೇಕು ಎಂದು ಸಂಧಿ ಬಿಡಿಸಿ ತೋರಿಸಿದರು. ನಿಘಂಟಿನಲ್ಲಿ ‘ಆಗು’ ಇತ್ತು, ‘ಉಳಿಕೆ’ ಇತ್ತು, ಎರಡೂ ಕೂಡಿದ್ದು ಇರಲಿಲ್ಲ.

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾಕಮ್ಮ ಅದೇ ರಾಗ ತೆಗೆದಳು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಕೈಯಲ್ಲಿ ಎರಡು ಬೋಲ್ಟ್ ಮಿಕ್ಕಿರುತ್ತವೆ, ಎಂಜಿನ್ ಮಾತ್ರ ಸರಿಯಾಗಿ ಓಡುತ್ತಿರುತ್ತದೆ, ಆ ಬೋಲ್ಟುಗಳಿಗೆ ಆಗುಳಿಕೆ ಎನ್ನಬಹುದು ನೋಡು ಎಂದ. ಅವನ ಡಿಪೋದ ಬಸ್ಸುಗಳ ಬಗ್ಗೆ ಅವಳಿಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು.

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಊರಲ್ಲಿ ಯಾರನ್ನು ಬೇಕಾದರೂ ಮೂರು ಕರೆಯೊಳಗೆ ಹುಡುಕಿ ಕೊಡುತ್ತೇನೆ ಎನ್ನುವುದು ಅವರ ಹೆಮ್ಮೆ. ಅವರು ತಟ್ಟೆಯಿಂದ ಕೈ ತೆಗೆಯದೆ, “ಪುಸ್ತಕ ಬಿಡು. ಬರೆದೋರು ಯಾರು ಅಂತ ಹುಡುಕು. ಅವರನ್ನೇ ಕೇಳಿದ್ರಾಯ್ತು” ಎಂದರು.

ಮರುದಿನ ಯಾಕಮ್ಮ ಇಪ್ಪತ್ಮೂರು ನಕ್ಷೆಗಳನ್ನೂ ಭೂತಗನ್ನಡಿ ಹಿಡಿದು ನೋಡಿದಳು. ಪ್ರತಿಯೊಂದರ ಕೆಳಗಿನ ಬಲಮೂಲೆಯಲ್ಲಿ ಇರುವೆ ಕಾಲಿನಷ್ಟು ಸಣ್ಣಕ್ಕೆ, ಚೀಟಿಯದೇ ಗುಂಡು ಅಕ್ಷರದಲ್ಲಿ ‘ನಕಲು: ೪’ ಎಂದಿತ್ತು. ಆ ಕಾಲದಲ್ಲಿ ನಕ್ಷೆಗಾರರು ಬರೆದದ್ದನ್ನು ತೆಳು ಬಟ್ಟೆಯ ಮೇಲೆ ಶಾಯಿಯಲ್ಲಿ ನಕಲು ತೆಗೆಯುವವರಿಗೆ ಟ್ರೇಸರ್ ಎನ್ನುತ್ತಿದ್ದರು, ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಇರುತ್ತಿತ್ತು. ಪಿಂಚಣಿ ವಿಭಾಗದಲ್ಲಿ ನಾಲ್ಕನೇ ಸಂಖ್ಯೆಯ ಟ್ರೇಸರ್ ಯಾರೆಂದು ವಿಚಾರಿಸಿದಳು. ಹಳೆಯ ಪಟ್ಟಿ ಹುಡುಕಲು ಎರಡು ದಿನ ಬೇಕು ಎಂದರು ಅಲ್ಲಿಯವರು.

ಎರಡು ದಿನ ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮೆಟ್ಟಿಲಿನ ನಕ್ಷೆಯ ಒಂದು ಪ್ರತಿ ತೆಗೆದುಕೊಂಡು, ಅದು ಇರಬೇಕಾಗಿದ್ದ ಜಾಗಕ್ಕೇ ನಡೆದಳು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನಡುವೆ ಆರಾಳೆತ್ತರದ ಕಲ್ಲಿನ ಗೋಡೆ. ಮೇಲಿನವರು ಕೆಳಗೆ ಬರಬೇಕೆಂದರೆ ಬೀದಿಯ ತುದಿಯವರೆಗೂ ಹೋಗಿ, ಬಳಸಿ, ಇಪ್ಪತ್ತು ನಿಮಿಷ ನಡೆಯಬೇಕು. ಗೋಡೆಯ ಬುಡದಲ್ಲಿ ಸೈಕಲ್ ರಿಪೇರಿಯ ಒಂದು ಚಿಕ್ಕ ಅಂಗಡಿ ಇತ್ತು. ಸುತ್ತಮುತ್ತ ಬೇರೆ ಅಂಗಡಿಯ ಸುಳಿವಿರಲಿಲ್ಲ. ಇಂಥ ಮೂಲೆಯಲ್ಲಿ ಅಂಗಡಿ ಯಾಕೆ ಎಂದು ಅವಳ ನಾಲಿಗೆ ತುರಿಸಿತು. ರಿಪೇರಿಯವನು ಚಕ್ರದ ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುತ್ತಿದ್ದ. ಕೇಳಿದ್ದಕ್ಕೆ, ಇದು ಅಪ್ಪ ಹಾಕಿದ ಅಂಗಡಿ ಎಂದ.

“ಇಲ್ಲಿ ಮೆಟ್ಲು ಬರುತ್ತೆ ಅಂತ ಸರ್ವೇದೋರು ಬಂದು ಗೂಟ ಹೊಡೆದು ಹೋಗಿದ್ರಂತೆ. ಮೆಟ್ಲು ಬಂದ್ರೆ ಜನ ಇಲ್ಲೇ ಇಳೀತಾರಲ್ಲ, ಮೊದಲೇ ಜಾಗ ಹಿಡಿಯೋಣ ಅಂತ ನಮ್ಮಪ್ಪ ಅಂಗಡಿ ಹಾಕಿದ್ರು. ಮೆಟ್ಲು ಬರಲಿಲ್ಲ. ಅಂಗಡಿ ಉಳೀತು. ಅದಕ್ಕೇ ಅಲ್ವಾ ಈ ಜಾಗಕ್ಕೆ ಮೆಟ್ಟಿಲಬಾಯಿ ಅನ್ನೋದು.”

ಯಾಕಮ್ಮ ಕಣ್ಣು ಕಣ್ಣು ಬಿಟ್ಟಳು. ಮೆಟ್ಟಿಲಬಾಯಿ ಎಂಬ ಹೆಸರು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಎಷ್ಟೋ ಸಲ ಬಸ್ಸಿನಲ್ಲಿ ‘ಒಂದು ಮೆಟ್ಟಿಲಬಾಯಿ’ ಎಂದು ಟಿಕೆಟ್ ಕೇಳಿದ್ದಾಳೆ, ಅಲ್ಲಿ ಇಳಿದಿದ್ದಾಳೆ. ಅಲ್ಲೆಲ್ಲೂ ಮೆಟ್ಟಿಲೇ ಇಲ್ಲ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಕಂಡದ್ದಕ್ಕೆಲ್ಲ ಯಾಕೆ ಎನ್ನುವವಳು ಇದೊಂದನ್ನು ಕೇಳದೆ ಬಿಟ್ಟಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು, ಒಂದು ಬಗೆಯ ಖುಷಿಯೂ ಆಯಿತು. ಆ ವಾರವೆಲ್ಲ ಅವಳು ಬಿಡುವಿನಲ್ಲಿ ಒಂದೊಂದು ನಕ್ಷೆಯ ಪ್ರತಿ ಹಿಡಿದು ಒಂದೊಂದು ಕಡೆ ಹೋಗಿ ನಿಂತಳು. ಓದುವ ಮನೆ ಬರಬೇಕಾದಲ್ಲಿ ಒಂದು ಬೇಲಿಯೊಳಗೆ ಹುಲ್ಲು ಬೆಳೆದಿತ್ತು. ಕಾಲುಸೇತುವೆಯ ಜಾಗದಲ್ಲಿ ಹಳಿಯ ಎರಡೂ ಕಡೆ ತಲಾ ಒಂದು ಸಿಮೆಂಟಿನ ಪೀಠ, ಮೇಲೆ ಏನೂ ಇಲ್ಲ. ಆ ಪೀಠಗಳ ಮೇಲೆ ಜನ ಕೂತು ರೈಲು ಹೋಗುವುದನ್ನು ಕಾಯುತ್ತಿದ್ದರು.

ಪಿಂಚಣಿ ವಿಭಾಗದವರು ಕೊನೆಗೂ ನಾಲ್ಕನೇ ಸಂಖ್ಯೆಯ ಟ್ರೇಸರಾಗಿದ್ದ ಹೆಂಗಸಿನ ವಿಳಾಸ ಕೊಟ್ಟರು. ಆ ವಿಳಾಸಕ್ಕೆ ಫೋನ್ ಸಂಖ್ಯೆ ಹೊಂದಿಸಿದ್ದು ಅತ್ತೆ, ಅದೂ ಎರಡೇ ಕರೆಯಲ್ಲಿ. ಮೂರನೆಯದಕ್ಕೆ ಆ ಹೆಂಗಸೇ ಸಿಕ್ಕಿ, ಭಾನುವಾರ ಬೆಳಿಗ್ಗೆ ಬನ್ನಿ, ಮಧ್ಯಾಹ್ನವಾದರೆ ಬಣ್ಣ ಒಣಗಿಬಿಡುತ್ತದೆ ಎಂದರಂತೆ. ಯಾವ ಬಣ್ಣ ಎಂದು ಅತ್ತೆ ಕೇಳದೆ ಫೋನಿಟ್ಟದ್ದು ಯಾಕಮ್ಮನಿಗೆ ಭಾನುವಾರದವರೆಗೂ ಕೊರೆಯುತ್ತಲೇ ಇತ್ತು.

ಅದು ಕನ್ನಡಕದ ಅಂಗಡಿಯ ಮೇಲಿನ ಎರಡನೇ ಮಹಡಿ. ಕಚೇರಿಯಲ್ಲಿ ಎಲ್ಲರೂ ‘ಟ್ರೇಸರಮ್ಮ’ ಎನ್ನುತ್ತಿದ್ದ ಆ ಹೆಂಗಸಿಗೆ ಈಗ ಎಪ್ಪತ್ತೇಳು. ಮದುವೆಯಾಗಿರಲಿಲ್ಲ, ತಂಗಿಯ ತುಂಬು ಸಂಸಾರದ ಜೊತೆ ಇದ್ದರು. ಮನೆತುಂಬ ಮಕ್ಕಳ ಗಲಾಟೆ, ಒಗೆದ ಬಟ್ಟೆಯ ರಾಶಿ. ಅದರ ನಡುವೆ ಕಿಟಕಿಯ ಹತ್ತಿರದ ಮೇಜಿಗೆ ಮಾತ್ರ ಯಾರೂ ಕೈ ಹಾಕುವಂತಿರಲಿಲ್ಲ. ಮೇಜಿನ ಮೇಲೆ ತಗಡಿನ ಫಲಕಗಳು ಸಾಲಾಗಿದ್ದವು. ಜನರ ಗೇಟುಗಳಿಗೆ ಮನೆ ಸಂಖ್ಯೆ ಬರೆದುಕೊಡುವುದು ಅವರ ಈಗಿನ ಕೆಲಸ. ಯಾಕಮ್ಮ ಹೋದಾಗ ಅವರು ನೂರ ಹದಿನೆಂಟರ ಎಂಟನ್ನು ಸುತ್ತುತ್ತಿದ್ದರು. ಕುಂಚ ಒಂದು ಸಲವೂ ನಡುಗಲಿಲ್ಲ. ಎಂಟು ಮುಗಿಯುವವರೆಗೂ ಅವರು ತಲೆ ಎತ್ತಲಿಲ್ಲ.

ಕುಂಚ ತೊಳೆದಿಟ್ಟ ಮೇಲೆ ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, ಆ ಡ್ರಾಯರು ಇನ್ನೂ ಇದೆಯೇ ಎಂದು ಕೇಳಿದರು. ಇದೆ, ಆದರೆ ಎರಡು ವಾರದಲ್ಲಿ ಲಾರಿ ಬರುತ್ತದೆ ಎಂದು ಯಾಕಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟ್ರೇಸರಮ್ಮ ಗಾಬರಿ ಬೀಳಲಿಲ್ಲ, ಬೇಸರವನ್ನೂ ತೋರಲಿಲ್ಲ. ಅವಳನ್ನು ಕೂರಿಸಿ, ಟೀ ತರಿಸಿ, ಪದ ಹುಟ್ಟಿದ ಕತೆ ಹೇಳಿದರು. ಆಗ ಅವರಿಗೆ ಇಪ್ಪತ್ತೊಂಬತ್ತು. ಅವರೂ ಹೆಡ್ ನಕ್ಷೆಗಾರರೂ ಬೀರುಗಳನ್ನು ವಿಂಗಡಿಸುತ್ತಿದ್ದರು. ಎರಡು ಡ್ರಾಯರು ಸುಲಭವಾಗಿ ತುಂಬಿದವು. ಒಂದಿಷ್ಟು ನಕ್ಷೆಗಳು ಮಾತ್ರ ಎರಡರಲ್ಲಿ ಯಾವುದಕ್ಕೂ ಸೇರದೆ ಮೇಜಿನ ಮೇಲೆ ಉಳಿದವು.

“ಒಬ್ಬರಾದ್ರೂ ಬೇಡ ಅಂದ್ರೆ ಅದು ರದ್ದು. ಯಾರೂ ಏನೂ ಅನ್ನದೆ ಬಿಟ್ರೆ ನೆನೆಗುದಿ. ಇವು ಎರಡೂ ಅಲ್ಲ. ಎಲ್ಲರೂ ಹೂಂ ಅಂದಿದ್ರು, ಸಹಿ ಬಿದ್ದಿತ್ತು, ಕಲ್ಲು ಮರಳಿಗೂ ಹೇಳಿ ಕಳಿಸಿದ್ವಿ. ಆದ್ರೂ ಆಗಲಿಲ್ಲ.”

“ಯಾಕೆ?” ಎಂದಳು ಯಾಕಮ್ಮ.

“ಅದೇ ಗೊತ್ತಿಲ್ಲ. ಗೊತ್ತಿದ್ದಿದ್ರೆ ಬೇರೆ ಡ್ರಾಯರಿಗೆ ಹಾಕ್ತಿದ್ವಿ. ಒಂದು ಈಜುಕೊಳದ್ದು ಹಾಗೇ ಆಯ್ತು. ಸಭೆಯಲ್ಲೊಬ್ಬರು ಮೇಲೆ ಹೂಂ ಅಂದು ಒಳಗೊಳಗೇ ತಡೆದಿದ್ರು ಅಂತ ನಾಲ್ಕು ವರ್ಷ ಆದ್ಮೇಲೆ ತಿಳೀತು. ತೆಗೆದು ರದ್ದಿಗೆ ಹಾಕಿದ್ವಿ.”

ಹೆಸರು ಹುಡುಕಲು ಅವರಿಗೆ ಒಂದು ವಾರ ಹಿಡಿದಿತ್ತಂತೆ. ‘ಆಗದ್ದು’ ಎಂದು ಬರೆಯೋಣ ಎಂದಿದ್ದರು ಹೆಡ್ ನಕ್ಷೆಗಾರರು. ಇವರು ಬೇಡ ಎಂದರು. ಆಗದ್ದು ಎಂದರೆ ಆಗಲು ಸಾಧ್ಯವೇ ಇಲ್ಲದ್ದು ಎಂತಲೂ ಅರ್ಥವಾಗುತ್ತದೆ, ಇವೆಲ್ಲ ಆಗುವಂಥವೇ ಎಂಬುದು ಇವರ ವಾದ. ಹಾಗಾದರೆ ‘ಆಗಬಹುದಿತ್ತು’ ಎಂದು ಬರೆಯಬಹುದಿತ್ತಲ್ಲ ಎಂದು ಯಾಕಮ್ಮ ಕೇಳಿದಳು.

“ಬರೆದ್ವಿ. ಎರಡು ದಿನ ಆ ಚೀಟಿ ಇತ್ತು. ಓದಿದಾಗೆಲ್ಲ ಯಾರೋ ಗೊಣಗಿದ ಹಾಗೆ ಕೇಳ್ಸೋದು. ಬರಬಹುದಿತ್ತಲ್ಲ, ಒಂದು ಮಾತು ಹೇಳಬಹುದಿತ್ತಲ್ಲ ಅಂತ ನೆಂಟರು ದೂರ್ತಾರಲ್ಲ, ಹಾಗೆ. ಇಲ್ಲಿ ದೂರೋದಕ್ಕೆ ಯಾರೂ ಇರಲಿಲ್ಲ. ಕಿತ್ತು ಹಾಕ್ದೆ.”

ಆಮೇಲೆ ಒಂದು ಮಧ್ಯಾಹ್ನ ‘ಆಗು’ ಮತ್ತು ‘ಉಳಿಕೆ’ ಎರಡನ್ನೂ ಸೇರಿಸಿ ಇವರೇ ಚೀಟಿ ಬರೆದರು. ಹೆಡ್ ನಕ್ಷೆಗಾರರು ದೂರದಲ್ಲಿ ನಿಂತು ನೋಡಿ, ಅಕ್ಷರ ಚೆನ್ನಾಗಿ ಬಂದಿದೆ ಎಂದಷ್ಟೇ ಅಂದರು. ಅದನ್ನು ಅವರ ಒಪ್ಪಿಗೆಯೆಂದು ಇವರು ತಿಳಿದುಕೊಂಡರು.

ಒಂದು ಪದಕ್ಕಾಗಿ ವಾರವಿಡೀ ಕೂತ ಆ ಇಬ್ಬರ ಬಗ್ಗೆ ಯಾಕಮ್ಮನ ಮನಸ್ಸಿನಲ್ಲಿ ಬೇರೆಯೇ ಒಂದು ಪ್ರಶ್ನೆ ಎದ್ದಿತ್ತು. ಅದನ್ನು ನುಂಗಲು ನೋಡಿದಳು, ಆಗಲಿಲ್ಲ. ಸುತ್ತಿ ಬಳಸಿ, ನೀವಿಬ್ಬರೂ ತುಂಬ ಹೊಂದಿಕೊಂಡಿದ್ದಿರಿ ಅನ್ನಿಸುತ್ತದೆ ಎಂದಳು. ಟ್ರೇಸರಮ್ಮನಿಗೆ ನಗು ಬಂತು.

“ಎಲ್ಲರೂ ಕೊನೆಗೆ ಅಲ್ಲಿಗೇ ಬರ್ತಾರೆ. ಅವರು ಕೇಳಿದ್ರಮ್ಮ. ನಾನು ಬೇಡ ಅಂದೆ. ಅದು ಅಪ್ಪಟ ರದ್ದು.” ಇಷ್ಟು ಹೇಳಿ ಟೀ ಕುಡಿದು ಮುಗಿಸಿ, ಆಮೇಲೂ ಹದಿನೆಂಟು ವರ್ಷ ಎದುರುಬದುರು ಮೇಜಿನಲ್ಲಿ ಕೆಲಸ ಮಾಡಿದೆವು, ಅವರ ಗೆರೆ ಬಲು ಚೆನ್ನಾಗಿತ್ತು ಎಂದರು. ಹೊರಡುವಾಗ ಬಾಗಿಲ ತನಕ ಬಂದು, ಮೆಟ್ಟಿಲಿನ ನಕ್ಷೆ ನೋಡಿದೆಯಾ ಎಂದು ಕೇಳಿದರು. ಅದನ್ನು ಮಾತ್ರ ತಾವು ನಕಲು ತೆಗೆದದ್ದಲ್ಲ, ತಾವೇ ಹಾಕಿದ್ದು. ಟ್ರೇಸರುಗಳು ನಕ್ಷೆ ಹಾಕುವಂತಿರಲಿಲ್ಲವಾದ್ದರಿಂದ ಸಹಿ ಮಾತ್ರ ಹೆಡ್ ನಕ್ಷೆಗಾರರದು. ಯಾಕಮ್ಮ ಎಪ್ಪತ್ತೆರಡು ಮೆಟ್ಟಿಲು ಎಣಿಸಿದೆ ಎಂದಳು. ಎಪ್ಪತ್ತೊಂದು, ನಡುವಿನ ಕಟ್ಟೆಯನ್ನೂ ಸೇರಿಸಿದ್ದೀಯ ಎಂದು ತಿದ್ದಿ ಅವರು ಬಾಗಿಲು ಹಾಕಿಕೊಂಡರು.

ಬಸ್ಸಿನಲ್ಲಿ ಕೂತು ಯಾಕಮ್ಮ ತನ್ನ ಬದುಕಿನ ಡ್ರಾಯರುಗಳನ್ನು ಎಳೆದೆಳೆದು ನೋಡಿದಳು. ನರ್ಸ್ ಆಗಬೇಕೆಂದಿದ್ದು? ಅಪ್ಪ ಬೇಡ ಎಂದಿದ್ದರು, ಅದು ರದ್ದು. ಮನೆಗೊಂದು ಕೋಣೆ ಏರಿಸುವುದು? ಯಾರೂ ತುಟಿ ಬಿಚ್ಚಿಲ್ಲ, ನೆನೆಗುದಿ. ಹೀಗೆ ಎಲ್ಲಕ್ಕೂ ಒಂದೊಂದು ಜಾಗ ಸಿಗುತ್ತಾ ಹೋಯಿತು. ಮನೆಯ ಹತ್ತಿರದ ನಿಲ್ದಾಣ ಬರುವ ಹೊತ್ತಿಗೆ ಒಂದೇ ಒಂದು ವಿಷಯ ಎಲ್ಲಿಗೂ ಸೇರದೆ ಉಳಿಯಿತು. ಮದುವೆಯಾದ ವರ್ಷ ಅವಳೂ ಗಂಡನೂ ಸಮುದ್ರ ನೋಡಲು ಹೋಗುವುದೆಂದು ಮಾಡಿದ್ದರು. ಇಬ್ಬರಿಗೂ ರಜೆ ಸಿಕ್ಕಿತ್ತು. ರೈಲಿನ ಟಿಕೆಟ್ ಬಂದಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ?

ಊಟದ ಹೊತ್ತಿಗೆ ಅದನ್ನೇ ಕೇಳಿದಳು. ಗಂಡ, ನಿನಗೆ ಜ್ವರ ಬಂದಿತ್ತಲ್ಲ ಎಂದ. ಜ್ವರ ಬಂದದ್ದು ಅದರ ಮುಂದಿನ ವರ್ಷ ಎಂದು ಅವಳು ಸಾಧಿಸಿದಳು. ಹಾಗಾದರೆ ಡಿಪೋದಲ್ಲಿ ಕರೆದಿರಬೇಕು ಎಂದ. ರಜೆಯ ಚೀಟಿ ವಾಪಸು ಮಾಡಿರಲಿಲ್ಲವೆಂದು ಅವನಿಗೇ ನೆನಪಾಯಿತು. ಇಬ್ಬರೂ ಅತ್ತೆಯ ಮುಖ ನೋಡಿದರು.

“ನನ್ನನ್ನೇನು ನೋಡ್ತೀರಿ? ನಾನು ಬೇಡ ಅನ್ನಲಿಲ್ಲಪ್ಪ. ಬ್ಯಾಗು ತುಂಬಿಕೊಟ್ಟೋಳೇ ನಾನು. ಅದು ಒಂದು ತಿಂಗಳು ಬಾಗಿಲ ಹಿಂದೆ ಹಾಗೇ ಇತ್ತು. ಆಮೇಲೆ ನಾನೇ ಬಿಚ್ಚಿ ಬಟ್ಟೆ ಒಗೆದೆ.”

ಮೂವರೂ ಯೋಚಿಸಿದರು. ಯಾರ ಮೇಲೂ ಯಾರಿಗೂ ಕೋಪವಿರಲಿಲ್ಲ. ಹಾಗೆ ಕಾರಣವೇ ಇಲ್ಲದ ಒಂದು ವಿಷಯ ಇಷ್ಟು ವರ್ಷ ಮನೆಯಲ್ಲೇ ಇತ್ತೆಂಬುದು ಅವರಿಗೆ ಎಷ್ಟು ಸೋಜಿಗವೆನಿಸಿತೆಂದರೆ ಸಾರು ಆರಿಹೋದದ್ದೂ ತಿಳಿಯಲಿಲ್ಲ.

ಸೋಮವಾರ ಯಾಕಮ್ಮ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಎಂಜಿನಿಯರ್ ಸಾಹೇಬರ ಮುಂದಿಟ್ಟಳು. ರದ್ದು ಎಂದರೆ ಇದು, ನೆನೆಗುದಿ ಎಂದರೆ ಇದು, ಅದನ್ನು ‘ಆಗುತ್ತಿದೆ’ಯೊಳಗೆ ಹೇಗೋ ಸೇರಿಸಬಹುದು, ಆಗುಳಿಕೆ ಎಂದರೆ ಇದು, ಇದು ಯಾವುದರಲ್ಲೂ ಸೇರದು. ಆದ್ದರಿಂದ ಅಂಕಣಕ್ಕೆ ನಾಲ್ಕನೆಯ ಮಾತು ಬೇಕು. ಸಾಹೇಬರು ಮುಖ ಗಂಟಿಕ್ಕಿಕೊಂಡೇ ಓದಿದರು. ಓದಿ ಮುಗಿಸಿದ ಮೇಲೆ ಆ ಐದು ಸಹಿಯ ನಕ್ಷೆಗಳನ್ನು ತರಿಸಿ ನೋಡಿದರು. ಅರ್ಧ ಗಂಟೆ ನೋಡಿ, ಇದಕ್ಕೆ ಕಾರಣ ಇದ್ದೇ ಇರಬೇಕು ಎಂದು ಹಠ ಹಿಡಿದು ಹಳೆಯ ಕಡತಗಳನ್ನೂ ತರಿಸಿದರು. ಮೂರು ದಿನ ಅವರ ಕೋಣೆಯ ತುಂಬ ದೂಳು. ನಾಲ್ಕನೆಯ ದಿನ ಸೀನುತ್ತಾ ಹೊರಬಂದು, ಏನೂ ಸಿಗಲಿಲ್ಲ ಎಂದು ಒಪ್ಪಿಕೊಂಡರು. ಗಣಕ ವಿಭಾಗದ ಹುಡುಗಿ ಒಪ್ಪಿದರೆ ಸೇರಿಸಿಕೊಳ್ಳಿ ಎಂದರು.

ಗಣಕದ ಹುಡುಗಿ ಸೇರಿಸಲು ತಯಾರಿದ್ದಳು. ಆದರೆ ಪ್ರತಿ ಮಾತಿಗೂ ಒಂದು ವಿವರಣೆ ಬೇಕು, ಅದಕ್ಕೆ ಇರುವ ಜಾಗ ಇಪ್ಪತ್ತೈದು ಅಕ್ಷರ, ಒಂದು ಅಕ್ಷರ ಹೆಚ್ಚಾದರೂ ಯಂತ್ರ ನುಂಗುವುದಿಲ್ಲ ಎಂದಳು. 

ಯಾಕಮ್ಮ ಒಂದು ಇಡೀ ದಿನ ಬರೆದಳು, ಹೊಡೆದು ಹಾಕಿದಳು, ಬೆರಳು ಮಡಿಚಿ ಎಣಿಸಿದಳು. ಸಂಜೆಗೆ ಒಂದು ರೂಪಕ್ಕೆ ಬಂತು: ‘ಎಲ್ಲರೂ ಒಪ್ಪಿದ್ದಾರೆ, ಆಗಲಿಲ್ಲ, ಕಾರಣ ತಿಳಿಯದು.’ ಅದನ್ನು ಇನ್ನೊಮ್ಮೆ ಓದಿದಾಗ ನಡುವಿನ ಮಾತು ಚುಚ್ಚಿತು. ‘ಆಗಲಿಲ್ಲ’ ಎಂದರೆ ಮುಗಿದೇ ಹೋಯಿತು, ಕೈ ತೊಳೆದುಕೊಂಡ ಹಾಗೆ. ‘ಆಗಿಲ್ಲ’ ಎಂದರೆ ಇವತ್ತಿನವರೆಗೆ ಇಲ್ಲ, ಅಷ್ಟೇ. ಒಂದಕ್ಷರದ ವ್ಯತ್ಯಾಸ. ಟ್ರೇಸರಮ್ಮ ಅವತ್ತು ‘ಆಗಲಿಲ್ಲ’ ಎಂದೇ ಹೇಳಿದ್ದರು. ಸೈಕಲ್ ರಿಪೇರಿಯವನೂ ‘ಬರಲಿಲ್ಲ’ ಎಂದಿದ್ದ. ತಾನಾಗಿ ತಿದ್ದುವ ಧೈರ್ಯ ಸಾಲದೆ ಅವಳು ಟ್ರೇಸರಮ್ಮನಿಗೆ ಫೋನ್ ಮಾಡಿದಳು.

ಆ ಕಡೆ ಮಕ್ಕಳ ಗದ್ದಲದ ನಡುವೆ ಅವರು ಎರಡು ಸಲ ಕೇಳಿಸಿಕೊಂಡರು. ಆಮೇಲೆ ಮಕ್ಕಳನ್ನು ಗದರಿ ಹೊರಗೆ ಕಳಿಸಿದರು.

“ಇದನ್ನ ನಾವು ಅವತ್ತು ಯೋಚಿಸೇ ಇರಲಿಲ್ಲ ಕಣಮ್ಮ. ಒಂದು ಮಾತ್ರ ನೆನಪಿದೆ. ಆ ಪದದ ಪಕ್ಕ ನಾವು ಯಾವತ್ತೂ ‘ಇತ್ತು’ ಅಂತ ಸೇರಿಸ್ತಿರಲಿಲ್ಲ. ಆಗುಳಿಕೆ ಇದೆ ಅಂತಲೇ ಅನ್ನೋದು. ಇಷ್ಟು ಸುಳಿವು ಸಾಕಲ್ವಾ? ಮಿಕ್ಕಿದ್ದು ನೀನು ನೋಡ್ಕೋ, ಈಗ ಡ್ರಾಯರು ನಿನ್ನದು.”

ಯಾಕಮ್ಮ ಫೋನಿಟ್ಟು, ‘ಲಿ’ ಹೊಡೆದು ಹಾಕಿ ‘ಗ’ವನ್ನು ‘ಗಿ’ ಮಾಡಿದಳು.

ಸಾಹೇಬರು ಸಹಿ ಮಾಡುವ ಮುಂಚೆ ಆ ಮಾತಿನ ಮೇಲೆ ಪೆನ್ನು ನಿಲ್ಲಿಸಿದರು. “ಆಗಿಲ್ಲ ಅಂತ ಹಾಕಿದ್ರೆ, ಯಾವಾಗ ಆಗುತ್ತೆ ಅಂತ ಯಾರಾದ್ರೂ ಬಂದು ಕೇಳ್ತಾರಲ್ಲ?”

“ಕೇಳಲಿ ಸಾರ್. ಕೇಳೋದರಲ್ಲಿ ತಪ್ಪೇನಿದೆ?” ಎಂದಳು ಯಾಕಮ್ಮ. ಈ ಮಾತನ್ನು ಇವಳಲ್ಲದೆ ಬೇರೆ ಯಾರು ಹೇಳಿಯಾರು ಎಂಬಂತೆ ನೋಡಿ ಸಾಹೇಬರು ಸಹಿ ಹಾಕಿದರು.

ಲಾರಿ ಬಂತು, ರದ್ದಾದದ್ದನ್ನೆಲ್ಲ ತುಂಬಿಕೊಂಡು ಹೋಯಿತು. ಇಪ್ಪತ್ಮೂರು ನಕ್ಷೆಗಳು ಹೊಸ ಕಟ್ಟಡಕ್ಕೆ ಬಂದವು. ಪದವೂ ಜೊತೆಯಲ್ಲೇ ಬಂದು ಕಚೇರಿಯವರ ಬಾಯಿಗೆ ಬಿತ್ತು. ಮೊದಮೊದಲು ಎಲ್ಲರೂ ಅದನ್ನು ಅಡ್ಡಾದಿಡ್ಡಿ ಬಳಸಿದರು. ರವಾನೆ ಗುಮಾಸ್ತರು ತಮ್ಮ ಬಡ್ತಿಯನ್ನು ಆಗುಳಿಕೆ ಎಂದುಕೊಂಡು ತಿರುಗಿದರು. ಅಲ್ಲ, ಅದಕ್ಕೆ ಯಾರೂ ಹೂಂ ಎಂದೇ ಇಲ್ಲ ಎಂದು ಯಾಕಮ್ಮ ತಿದ್ದಿದಾಗ ಎರಡು ದಿನ ಮಾತು ಬಿಟ್ಟರು. ಊಟದ ಕೋಣೆಯಲ್ಲಿ ಯಾವುದು ಆಗುಳಿಕೆ, ಯಾವುದು ಅಲ್ಲ ಎಂಬ ವಾದ ಬಿದ್ದರೆ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಒಮ್ಮೆ ಎಂಜಿನಿಯರ್ ಸಾಹೇಬರೇ ದೊಡ್ಡ ಸಭೆಯೊಂದರಲ್ಲಿ, ಯಾವ ಪೀಠಿಕೆಯೂ ಇಲ್ಲದೆ, ಈ ಊರಿನಲ್ಲಿ ನಮಗೆ ಇಪ್ಪತ್ಮೂರು ಆಗುಳಿಕೆ ಇವೆ ಎಂದರಂತೆ. ಯಾರೂ ಅರ್ಥ ಕೇಳಲಿಲ್ಲವಂತೆ, ಎಲ್ಲರೂ ಬರೆದುಕೊಂಡರಂತೆ.

ಒಂದೂವರೆ ವರ್ಷದ ಮೇಲೆ ಅವು ಇಪ್ಪತ್ತೆರಡಾದವು. ಊರಿನ ಪೂರ್ವದ ಬಡಾವಣೆಯಲ್ಲಿ ಚರಂಡಿ ಕಟ್ಟಿ ಅರ್ಧ ಲಾರಿ ಕಲ್ಲು ಮಿಕ್ಕಿತ್ತು. ಅಲ್ಲಿನ ಕಿರಿಯ ಎಂಜಿನಿಯರ್ ಹುಡುಗಿ ಗಣಕದಲ್ಲಿ ಏನೋ ಹುಡುಕುವಾಗ, ಬಸ್ ನಿಲ್ಲುವ ಜಾಗಕ್ಕೊಂದು ಕಲ್ಲುಬೆಂಚಿನ ನಕ್ಷೆ, ಐದೂ ಸಹಿ ಬಿದ್ದದ್ದು, ಕಣ್ಣಿಗೆ ಬಿತ್ತು. ಎಲ್ಲರೂ ಒಪ್ಪಿದ್ದಾರೆ ಎಂದು ಬರೆದಿತ್ತಲ್ಲ, ಅವಳು ಮತ್ತೆ ಯಾರನ್ನೂ ಕೇಳಲು ಹೋಗಲಿಲ್ಲ. ವಾರದೊಳಗೆ ಕಟ್ಟಿಸಿಬಿಟ್ಟಳು. ನಕ್ಷೆಯ ಸ್ಥಿತಿ ಬದಲಾಯಿಸಿ ಎಂದು ಚೀಟಿ ಬಂದಾಗಲೇ ಯಾಕಮ್ಮನಿಗೆ ವಿಷಯ ತಿಳಿದದ್ದು.

ಅವಳು ಟ್ರೇಸರಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದಳು. ಬೆಳಗಿನ ಹತ್ತು ಗಂಟೆ, ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಟ್ರೇಸರಮ್ಮ ಬೆಂಚನ್ನು ಒಂದು ಸುತ್ತು ಬಂದು ನೋಡಿದರು, ಅಂಚಿಗೆ ಗೇಣು ಹಾಕಿದರು, ಆಮೇಲೆ ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ.

“ನಾನು ಹದಿನಾರು ಇಂಚು ಬರೆದಿದ್ದೆ. ಇದು ಹದಿನೆಂಟರ ಮೇಲಿದೆ,” ಎಂದರು.

ಕಟ್ಟಿಸಿದವರಿಗೆ ಹೇಳಿ ಸರಿ ಮಾಡಿಸಲೇ ಎಂದು ಯಾಕಮ್ಮ ಕೇಳಿದಳು. ಟ್ರೇಸರಮ್ಮ ಯೋಚಿಸಿ, ಬೇಡ, ಈಗಿನವರು ಎತ್ತರ ಇರುತ್ತಾರೆ ಎಂದರು. ಎಂದರೂ ಅವರ ಕೈ ಮಾತ್ರ ಕಲ್ಲಿನ ಅಂಚನ್ನು ಸವರುತ್ತಲೇ ಇತ್ತು; ಕಾಗದದ ಮೇಲೆ ಎಂದೋ ಎಳೆದ ಗೆರೆ ಹೀಗೆ ತಣ್ಣಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇನೋ. ಯಾಕಮ್ಮ ಪಕ್ಕದಲ್ಲಿ ಕೂತು, ಅಪರೂಪಕ್ಕೆ, ಏನನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಎರಡೂ ಕೈಗೆ ಒಂದೊಂದು ಚೀಲ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಬಂದಳು. ಚೀಲಗಳನ್ನು ಬೆಂಚಿನ ಮೇಲೆ ಧೊಪ್ಪನೆ ಇಟ್ಟು, ಇಬ್ಬರನ್ನೂ ನೋಡಿ, “ಸ್ವಲ್ಪ ಸರೀತೀರಾ?” ಎಂದಳು.

ಇಬ್ಬರೂ ಸರಿದರು.